ಜರ್ಮನಿಯ ನಗರದಲ್ಲಿ ಯುವ ವಿಜ್ಞಾನಿ: ನೆಲೆ ನಿಲ್ಲುವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು

ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಅಥವಾ ಮ್ಯಾಕ್ಸ್ ಪ್ಲಾಂಕ್, ಹೆಲ್ಮ್‌ಹೋಲ್ಟ್ಸ್, ಲೈಬ್ನಿಟ್ಸ್ ಕೂಟಗಳ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್‌ಡಿಗೋ ಅದರ ನಂತರದ ಪೋಸ್ಟ್‌ಡಾಕ್ ಸಂಶೋಧನೆಗೋ ಅವಕಾಶ ಸಿಕ್ಕವರು ಸಾಮಾನ್ಯವಾಗಿ ತಮ್ಮ ಪ್ರಯೋಗದ ಯೋಜನೆಯನ್ನು ತಲೆಯಲ್ಲಿ ತುಂಬಿಕೊಂಡು ವಿಮಾನ ಹತ್ತುತ್ತಾರೆ. ಇಳಿದ ಮೇಲಿನ ಮೊದಲ ಮೂರು ತಿಂಗಳು ಅವರ ಸಮಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಬಳಿಸುವುದು ಮಾತ್ರ ವಿಳಾಸದ ಪ್ರಶ್ನೆ. ಮನೆ ಕೊಟ್ಟವರ ಸಹಿ ಇರುವ ಕಾಗದವಿಲ್ಲದೆ ನಗರಾಡಳಿತದಲ್ಲಿ ಹೆಸರು ನೋಂದಾಯಿಸಲಾಗದು, ನೋಂದಣಿಯಾಗದೆ ತೆರಿಗೆ ಸಂಖ್ಯೆ ಬಾರದು, ತೆರಿಗೆ ಸಂಖ್ಯೆ ತಲುಪದಿದ್ದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದ ಕಡಿತವಾಗಬಹುದು, ವಾಸದ ಪರವಾನಗಿಯ ಕಚೇರಿಯೂ ಮೊದಲು ಕೇಳುವುದು ಆ ನೋಂದಣಿ ಪತ್ರವನ್ನೇ. ಪ್ರಯೋಗಾಲಯದಲ್ಲಿ ಹಂತಗಳನ್ನು ಹಿಂದುಮುಂದು ಮಾಡಿದರೆ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಈ ಲೇಖನವನ್ನು ಕೆಲಸಗಳು ಬರುವ ಕ್ರಮದಲ್ಲಿಯೇ ಬರೆಯಲಾಗಿದೆ.

ಆಯ್ಕೆಯ ಪತ್ರ ಬಂದಾಗ

ಪತ್ರ ಕೈಸೇರಿದೊಡನೆ ಕೇಳಬೇಕಾದ ಮೊದಲ ಪ್ರಶ್ನೆ, ಇದು ಉದ್ಯೋಗದ ಕರಾರೋ ಸ್ಟಿಪೆಂಡಿಯಮ್ ಎಂದು ಕರೆಯಲಾಗುವ ಶಿಷ್ಯವೇತನವೋ ಎಂಬುದು. ಸಂಭ್ರಮದಲ್ಲಿ ಬಹಳಷ್ಟು ಜನ ಕೈಗೆ ಬರುವ ಮೊತ್ತವನ್ನು ಮಾತ್ರ ನೋಡುತ್ತಾರೆ. ಉದ್ಯೋಗದ ಕರಾರಾದರೆ ರಾಜ್ಯಗಳ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಟಿವಿ-ಎಲ್ ಎಂಬ ವೇತನ ಒಪ್ಪಂದದ 13ನೇ ಶ್ರೇಣಿ ಅನ್ವಯಿಸುತ್ತದೆ. ಆರೋಗ್ಯ ವಿಮೆ, ಪಿಂಚಣಿ ಮತ್ತು ನಿರುದ್ಯೋಗ ವಿಮೆಯ ವಂತಿಗೆಗಳಲ್ಲಿ ಸರಿಸುಮಾರು ಅರ್ಧವನ್ನು ಸಂಸ್ಥೆಯೇ ಭರಿಸುತ್ತದೆ ಮತ್ತು ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ 30 ದಿನಗಳ ರಜೆ ಇರುತ್ತದೆ. ಶಿಷ್ಯವೇತನಕ್ಕೆ ಅನೇಕ ಸಂದರ್ಭಗಳಲ್ಲಿ ತೆರಿಗೆ ಇಲ್ಲದಿರುವುದರಿಂದ ಅದು ಮೇಲ್ನೋಟಕ್ಕೆ ಲಾಭಕರವಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಪಿಂಚಣಿಯ ಲೆಕ್ಕ ಬೆಳೆಯುವುದಿಲ್ಲ, ಅವಧಿ ಮುಗಿದ ಮೇಲೆ ನಿರುದ್ಯೋಗ ಭತ್ಯೆಯ ಹಕ್ಕು ಹುಟ್ಟುವುದಿಲ್ಲ, ಆರೋಗ್ಯ ವಿಮೆಯ ಪೂರ್ಣ ಭಾರ ಪಡೆಯುವವರ ಮೇಲೆಯೇ ಬೀಳುತ್ತದೆ. ಎರಡರಲ್ಲಿ ಒಂದನ್ನು ಆರಿಸುವ ಅವಕಾಶವಿದ್ದರೆ, ಮೊತ್ತ ತುಸು ಕಡಿಮೆಯಾದರೂ ಉದ್ಯೋಗದ ಕರಾರನ್ನೇ ಆರಿಸುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ಕರಾರಿನಲ್ಲಿ ಇನ್ನೆರಡು ಅಂಶಗಳನ್ನು ಗಮನಿಸಬೇಕು. ಪಿಎಚ್‌ಡಿ ಹುದ್ದೆಗಳು ಅನೇಕ ವಿಷಯಗಳಲ್ಲಿ ಪೂರ್ಣ ಹುದ್ದೆಗಳಾಗಿರದೆ ಶೇಕಡಾ 50 ಅಥವಾ 65ರ ಹುದ್ದೆಗಳಾಗಿರುತ್ತವೆ. ಸಂಬಳವೂ ಅದೇ ಪ್ರಮಾಣದಲ್ಲಿರುತ್ತದೆ. (ಕೆಲಸ ಮಾತ್ರ ನೂರಕ್ಕೆ ನೂರು ಎಂಬುದನ್ನು ಯಾವ ಕರಾರಿನಲ್ಲಿಯೂ ಬರೆದಿರುವುದಿಲ್ಲ.) ಎರಡನೆಯದಾಗಿ, ಪ್ರತಿ ಶ್ರೇಣಿಯೊಳಗೆ ಅನುಭವಕ್ಕೆ ತಕ್ಕ ಮೆಟ್ಟಿಲುಗಳಿದ್ದು, ನೇಮಕದ ಸಮಯದಲ್ಲಿಯೇ ಮೆಟ್ಟಿಲನ್ನು ನಿಗದಿ ಮಾಡಲಾಗುತ್ತದೆ. ಹಿಂದೆ ಸಂಶೋಧನಾ ಸಹಾಯಕರಾಗಿಯೋ ಪೋಸ್ಟ್‌ಡಾಕ್ ಆಗಿಯೋ ದುಡಿದದ್ದಕ್ಕೆ ದಿನಾಂಕಗಳಿರುವ ಅನುಭವ ಪತ್ರಗಳನ್ನು ಸಹಿ ಹಾಕುವ ಮೊದಲೇ ಸಿಬ್ಬಂದಿ ವಿಭಾಗಕ್ಕೆ ಕಳುಹಿಸಬೇಕು, ಏಕೆಂದರೆ ಆಮೇಲೆ ಅದನ್ನು ತಿದ್ದಿಸುವುದು ಕಷ್ಟ.

ವೀಸಾ ಮತ್ತು ಹೆಸರಿನ ತೊಡಕು

1924ರಲ್ಲಿ ಐನ್‌ಸ್ಟೈನ್ ಬರೆದ ಒಂದು ಪೋಸ್ಟ್‌ಕಾರ್ಡನ್ನು ತೋರಿಸಿದ್ದಕ್ಕೆ ಜರ್ಮನಿಯ ದೂತಾವಾಸ ತಮಗೆ ಶುಲ್ಕವನ್ನೂ ಕೇಳದೆ ವೀಸಾ ಕೊಟ್ಟಿತೆಂದು ಸತ್ಯೇಂದ್ರನಾಥ ಬೋಸ್ ನೆನೆಯುತ್ತಿದ್ದರು. ಈಗ ಆ ಪೋಸ್ಟ್‌ಕಾರ್ಡಿನ ಸ್ಥಾನದಲ್ಲಿ ಔಫ್‌ನಾಮೆಫರ್‌ಐನ್‌ಬಾರುಂಗ್ ಎಂಬ ಆತಿಥ್ಯ ಒಪ್ಪಂದವಿದೆ. ಇದನ್ನು ಮಾನ್ಯತೆ ಪಡೆದ ಸಂಶೋಧನಾ ಸಂಸ್ಥೆ ನೀಡುತ್ತದೆ ಮತ್ತು ಅದರ ಆಧಾರದ ಮೇಲೆ ವಾಸ ಕಾಯಿದೆಯ 18ಡಿ ವಿಧಿಯನ್ವಯ ಸಂಶೋಧಕರ ವೀಸಾ ಸಿಗುತ್ತದೆ. ಇದಕ್ಕೆ ಪರ್ಯಾಯವಾದದ್ದು ಉನ್ನತ ಶಿಕ್ಷಣ ಪಡೆದ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿ. ಅದಕ್ಕೆ ವರ್ಷವರ್ಷವೂ ಬದಲಾಗುವ ಕನಿಷ್ಠ ಸಂಬಳದ ಮಿತಿ ಇರುವುದರಿಂದ ಅರ್ಧ ಹುದ್ದೆಯ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಅದು ಎಟುಕುವುದಿಲ್ಲ. ಪೂರ್ಣ ಹುದ್ದೆಯ ಪೋಸ್ಟ್‌ಡಾಕ್‌ಗಳಿಗೆ ಸಾಮಾನ್ಯವಾಗಿ ಎಟುಕುತ್ತದೆ. ಬ್ಲೂ ಕಾರ್ಡ್ ಇರುವವರು ಎ1 ಎಂಬ ಆರಂಭಿಕ ಮಟ್ಟದ ಜರ್ಮನ್ ಕಲಿತು 27 ತಿಂಗಳಲ್ಲಿ, ಬಿ1 ಎಂಬ ಮಧ್ಯಮ ಮಟ್ಟ ತಲುಪಿದ್ದರೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿಗೆ ಅರ್ಹರಾಗುವುದರಿಂದ, ದೀರ್ಘಕಾಲ ಉಳಿಯುವ ಯೋಚನೆ ಇರುವವರು ಎರಡನ್ನೂ ಹೋಲಿಸಿ ನೋಡಬೇಕು. ಎರಡರಲ್ಲಿ ಯಾವುದಾದರೂ ಸಂಗಾತಿಗೆ ಕೆಲಸ ಮಾಡುವ ಹಕ್ಕಿರುತ್ತದೆ ಮತ್ತು ಸಂಗಾತಿ ಬರುವ ಮೊದಲೇ ಜರ್ಮನ್ ಪರೀಕ್ಷೆ ಪಾಸಾಗಿರಬೇಕೆಂಬ ನಿಯಮ ಅನ್ವಯಿಸುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರು ಹೊರಡುವ ಮೊದಲು ತಮ್ಮ ಹೆಸರನ್ನು ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಪದವಿ ಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣರೂಪ, ವಿವಾಹ ನೋಂದಣಿ ಪತ್ರದಲ್ಲಿ ಮತ್ತೊಂದು ಕಾಗುಣಿತ, ಹೀಗಿರುವುದು ನಮ್ಮಲ್ಲಿ ಅಪರೂಪವಲ್ಲ. ಜರ್ಮನಿಯ ಕಚೇರಿಗಳಿಗಾದರೋ ಹೆಸರೆಂದರೆ ಮೊದಲ ಹೆಸರು ಮತ್ತು ಕುಟುಂಬದ ಹೆಸರು ಎಂಬ ಎರಡು ಅಂಕಣಗಳು, ಮತ್ತು ಆ ಎರಡೂ ಎಲ್ಲ ಕಾಗದಗಳಲ್ಲಿ ಒಂದೇ ರೀತಿ ಇರಬೇಕು. ವ್ಯತ್ಯಾಸವಿದ್ದರೆ ಊರಿನಲ್ಲಿರುವಾಗಲೇ ಪ್ರಮಾಣ ಪತ್ರವೊಂದನ್ನು ಮಾಡಿಸಿಟ್ಟುಕೊಳ್ಳುವುದು ಲೇಸು. ಪದವಿ ಪತ್ರಗಳ ಮತ್ತು ಕುಟುಂಬದ ದಾಖಲೆಗಳ ಮೂಲ ಪ್ರತಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು. ನೀವು ಓದಿದ ವಿಶ್ವವಿದ್ಯಾಲಯಕ್ಕೆ ಜರ್ಮನಿಯಲ್ಲಿ ಮಾನ್ಯತೆ ಇದೆಯೇ ಎಂಬುದು ಆನಾಬಿನ್ ಎಂಬ ಸರ್ಕಾರಿ ದತ್ತಸಂಚಯದಲ್ಲಿ ಸಿಗುತ್ತದೆ. ಆ ಪುಟವನ್ನು ಮುದ್ರಿಸಿ ವೀಸಾ ಅರ್ಜಿಯ ಜೊತೆಗಿಡುವುದು ವಾಡಿಕೆ. ವಿಮಾನ ಇಳಿಯುವ ದಿನಕ್ಕೂ ಕರಾರು ಆರಂಭವಾಗುವ ದಿನಕ್ಕೂ ನಡುವೆ ಅಂತರವಿದ್ದರೆ ಅಷ್ಟು ದಿನಗಳಿಗೆ ಪ್ರಯಾಣ ಆರೋಗ್ಯ ವಿಮೆ ಇರಲೇಬೇಕು.

ಮನೆ

ಎಲ್ಲಕ್ಕಿಂತ ಹೆಚ್ಚು ಬೆವರಿಳಿಸುವ ಹಂತ ಇದೇ. ಮ್ಯೂನಿಕ್‌ನಂಥ ದುಬಾರಿ ನಗರದಲ್ಲಿ ಮಾತ್ರವಲ್ಲ, ಗಟಿಂಗೆನ್, ಹೈಡೆಲ್‌ಬೆರ್ಗ್, ಟ್ಯೂಬಿಂಗೆನ್‌ಗಳಂಥ ಸಣ್ಣ ವಿದ್ಯಾನಗರಗಳಲ್ಲಿಯೂ ಚಳಿಗಾಲದ ಸೆಮಿಸ್ಟರ್ ಆರಂಭವಾಗುವ ಅಕ್ಟೋಬರ್ ಹೊತ್ತಿಗೆ ಒಂದು ಕೋಣೆಗೂ ನೂರಾರು ಅರ್ಜಿಗಳು ಬೀಳುತ್ತವೆ. ಕೆಲಸಕ್ಕೆ ಸೇರುವ ದಿನಾಂಕವನ್ನು ಬದಲಿಸಲು ಸಾಧ್ಯವಿದ್ದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳನ್ನು ಬಿಡಿ. ಅದಾಗದಿದ್ದರೆ ಆಯ್ಕೆಯಾದ ವಾರವೇ ಸಂಸ್ಥೆಯ ಅತಿಥಿಗೃಹಕ್ಕೆ ಬರೆಯಿರಿ. ವಿಶ್ವವಿದ್ಯಾಲಯಗಳಲ್ಲಿ ವೆಲ್‌ಕಮ್ ಸೆಂಟರ್ ಎಂಬ ಕಚೇರಿ ಇರುತ್ತದೆ, ಅತಿಥಿಗೃಹದ ಕೋಣೆಗಳ ವಿಚಾರವನ್ನೂ ಹಲವೆಡೆ ಅವರೇ ನೋಡಿಕೊಳ್ಳುತ್ತಾರೆ. ಅತಿಥಿಗೃಹದಲ್ಲಿ ಎರಡು ಮೂರು ತಿಂಗಳು ಇದ್ದು, ನಗರವನ್ನು ಕಣ್ಣಾರೆ ನೋಡಿ ಮನೆ ಹುಡುಕುವುದು ದೂರದಿಂದ ಹುಡುಕುವುದಕ್ಕಿಂತ ಎಷ್ಟೋ ಮೇಲು. ಆದರೆ ಆ ತಾತ್ಕಾಲಿಕ ವಿಳಾಸದಲ್ಲಿ ನೋಂದಣಿಗೆ ಅನುಮತಿ ಇದೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ನೋಂದಣಿಗೆ ಒಪ್ಪದ ಕೋಣೆ ಎಷ್ಟೇ ಅಗ್ಗವಾಗಿದ್ದರೂ ಹೊಸಬರಿಗೆ ಉಪಯೋಗವಿಲ್ಲ.

ಜಾಹೀರಾತುಗಳನ್ನು ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ‘ಕಾಲ್ಟ್‌ಮೀಟೆ’ ಅಂದರೆ ಅಕ್ಷರಶಃ ತಣ್ಣನೆಯ ಬಾಡಿಗೆ, ಗೋಡೆಗಳಿಗಷ್ಟೇ ಕೊಡುವ ಹಣ. ‘ವಾರ್ಮ್‌ಮೀಟೆ’ ಎಂಬ ಬೆಚ್ಚನೆಯ ಬಾಡಿಗೆಯಲ್ಲಿ ನೀರು, ಕಸ, ಕಟ್ಟಡದ ನಿರ್ವಹಣೆ ಮತ್ತು ಸಾಮಾನ್ಯವಾಗಿ ಕೋಣೆ ಬೆಚ್ಚಗಿಡುವ ವೆಚ್ಚವೂ ಸೇರಿರುತ್ತವೆ. ವಿದ್ಯುತ್ತು ಮತ್ತು ಇಂಟರ್ನೆಟ್ ಬಹುಮಟ್ಟಿಗೆ ಪ್ರತ್ಯೇಕ. ಎರಡು ಕೋಣೆಯ ಮನೆ ಎಂದರೆ ಹಜಾರವೂ ಸೇರಿ ಎರಡು ಕೋಣೆ. ಅಡುಗೆಮನೆ ಮತ್ತು ಸ್ನಾನದ ಮನೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡ ಆಶ್ಚರ್ಯವೆಂದರೆ, ಅನೇಕ ಮನೆಗಳಲ್ಲಿ ಅಡುಗೆಮನೆ ಎಂಬ ಜಾಗದಲ್ಲಿ ನಲ್ಲಿಯ ಕೊಳವೆ ಮತ್ತು ಒಲೆಯ ತಂತಿ ಮಾತ್ರ ಇರುತ್ತವೆ. ಒಲೆ, ತೊಟ್ಟಿ, ಕಪಾಟುಗಳನ್ನು ಹಿಂದಿನ ಬಾಡಿಗೆದಾರರು ಕಿತ್ತುಕೊಂಡು ಹೋಗಿರುತ್ತಾರೆ, ಕೆಲವೊಮ್ಮೆ ದೀಪಗಳನ್ನೂ. ಎರಡು ಮೂರು ವರ್ಷಗಳ ಕರಾರಿಗಾಗಿ ಬಂದವರು ಅಡುಗೆಮನೆ ಕೊಳ್ಳಲು ಹೋಗಬಾರದು. ‘ಐನ್‌ಬೌಕ್ಯೂಷೆ’, ಅಂದರೆ ಜೋಡಿಸಿಟ್ಟ ಅಡುಗೆಮನೆ, ಎಂಬ ಪದ ಇರುವ ಜಾಹೀರಾತನ್ನೇ ಹುಡುಕಬೇಕು, ಇಲ್ಲವೇ ಹಲವರು ಸೇರಿ ಒಂದು ಮನೆಯನ್ನು ಹಂಚಿಕೊಳ್ಳುವ ವೇಗೇ ಪದ್ಧತಿಯ ಕೋಣೆಯೊಂದನ್ನು ಹಿಡಿಯಬೇಕು. ಒಂಟಿಯಾಗಿ ಬರುವವರಿಗೆ ವೇಗೇ ಕೋಣೆ ಭಾಷೆಯ ಶಾಲೆಯೂ ಆಗುವುದರಿಂದ ಮೊದಲ ವರ್ಷಕ್ಕೆ ಅದನ್ನೇ ಸೂಚಿಸುತ್ತೇನೆ.

ಮುಂಗಡದ ಠೇವಣಿಗೆ ಕಾನೂನಿನ ಮಿತಿ ಇದೆ. ಅದು ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ, ಮತ್ತು ಅದನ್ನು ಮೂರು ಮಾಸಿಕ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಮನೆಯನ್ನು ನೋಡುವ ಮೊದಲೇ ಹಣ ಕಳುಹಿಸಿ, ಬೀಗದ ಕೈಯನ್ನು ಅಂಚೆಯಲ್ಲಿ ಕಳುಹಿಸುತ್ತೇನೆ ಎನ್ನುವವರು ಮೋಸಗಾರರು. ಇದಕ್ಕೆ ಅಪವಾದವನ್ನು ನಾನು ಕಂಡಿಲ್ಲ. ಮನೆಯ ಮಾಲೀಕರು ಷೂಫಾ ಎಂಬ ಸಾಲದ ವರದಿಯನ್ನು ಕೇಳಬಹುದು. ಹೊಸದಾಗಿ ಬಂದವರ ಹೆಸರಿನಲ್ಲಿ ಅಂಥದ್ದೇನೂ ಇರುವುದಿಲ್ಲವಾದ್ದರಿಂದ ಕರಾರಿನ ಪ್ರತಿಯನ್ನೂ ಪ್ರಾಧ್ಯಾಪಕರ ಒಂದು ಶಿಫಾರಸು ಪತ್ರವನ್ನೂ ಮುಂದಿಡಿ. ಬೀಗದ ಕೈ ಪಡೆಯುವ ದಿನ ಗೋಡೆಯ ಕಲೆ, ನೆಲದ ಗೀರು, ವಿದ್ಯುತ್ ಮತ್ತು ನೀರಿನ ಮೀಟರುಗಳ ಅಂಕಿ ಎಲ್ಲವನ್ನೂ ಹಸ್ತಾಂತರ ಪತ್ರದಲ್ಲಿ ಬರೆಸಿ, ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಬಿಡುವಾಗ ಠೇವಣಿಯ ಜಗಳ ಇರುವುದಿಲ್ಲ. ಬಿಡುವ ಸೂಚನೆಯನ್ನು ಸಾಮಾನ್ಯವಾಗಿ ಮೂರು ತಿಂಗಳು ಮುಂಚೆ, ಕಾಗದದ ಮೇಲೆ ಸಹಿ ಮಾಡಿ ಕೊಡಬೇಕು, ಇಮೇಲ್ ಸಾಲದು.

ಮನೆಯೊಳಗೆ ಕಾಲಿಟ್ಟ ಮೇಲೆ ತಿಳಿಯಬೇಕಾದದ್ದು ಕಿಟಕಿಯ ವಿದ್ಯೆ. ಚಳಿಗಾಲದಲ್ಲಿ ಕಿಟಕಿಗಳನ್ನು ಮುಚ್ಚಿಯೇ ಇಟ್ಟು ಅಡುಗೆ ಮಾಡಿ, ಬಟ್ಟೆ ಒಣಗಿಸಿದರೆ ತೇವ ಗೋಡೆಯಲ್ಲಿ ಹೆಪ್ಪುಗಟ್ಟಿ ಬೂಷ್ಟು ಹಿಡಿಯುತ್ತದೆ, ಅದರ ಖರ್ಚು ಠೇವಣಿಯಿಂದ ಹೋಗಬಹುದು. ದಿನಕ್ಕೆ ಎರಡು ಮೂರು ಬಾರಿ ಐದರಿಂದ ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆದು ಮತ್ತೆ ಮುಚ್ಚಬೇಕು. ಇಡೀ ದಿನ ಸ್ವಲ್ಪವೇ ತೆರೆದಿಡುವುದರಿಂದ ಗೋಡೆ ತಣ್ಣಗಾಗುತ್ತದೆಯೇ ಹೊರತು ತೇವ ಹೋಗುವುದಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮತ್ತು ಭಾನುವಾರವಿಡೀ ಸದ್ದು ಮಾಡುವ ಕೆಲಸಗಳಿಗೆ ಅವಕಾಶವಿಲ್ಲ. ಭಾನುವಾರ ಅಂಗಡಿಗಳೂ ಮುಚ್ಚಿರುವುದರಿಂದ ಶನಿವಾರ ಸಂಜೆಯೊಳಗೆ ಸಾಮಾನು ತರುವುದನ್ನು ಮರೆತವರು ಅದನ್ನು ಎರಡನೆಯ ಸಲ ಮರೆಯುವುದಿಲ್ಲ.

ನೋಂದಣಿ, ಮತ್ತು ಅದರ ಬೆನ್ನಿಗೆ ಬರುವ ಲಕೋಟೆಗಳು

ಮನೆ ಸೇರಿದ ಎರಡು ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ಆನ್‌ಮೆಲ್ಡುಂಗ್ ಎಂಬ ನಿವಾಸ ನೋಂದಣಿ ಮಾಡಿಸಬೇಕು. ದೊಡ್ಡ ನಗರಗಳಲ್ಲಿ ಭೇಟಿಯ ಸಮಯ ಸಿಗುವುದೇ ತಡವಾಗುವುದರಿಂದ, ಮನೆ ಖಚಿತವಾದ ದಿನವೇ ಸಮಯ ಕಾದಿರಿಸುವುದು ಒಳ್ಳೆಯದು. ಪಾಸ್‌ಪೋರ್ಟ್, ವೀಸಾ ಮತ್ತು ಮನೆ ಕೊಟ್ಟವರು ಸಹಿ ಮಾಡಿದ ವಾಸದ ದೃಢೀಕರಣ ಪತ್ರ ಇರಬೇಕು. ಬಾಡಿಗೆ ಕರಾರು ಈ ಪತ್ರದ ಬದಲಿಗೆ ನಡೆಯುವುದಿಲ್ಲ. ಅರ್ಜಿಯಲ್ಲಿ ಧರ್ಮವನ್ನು ಕೇಳುವುದು ಕುತೂಹಲಕ್ಕಲ್ಲ: ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಎಂದು ಬರೆದವರ ಆದಾಯ ತೆರಿಗೆಯ ಮೇಲೆ ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯಗಳಲ್ಲಿ ಶೇಕಡಾ 8, ಉಳಿದೆಡೆ ಶೇಕಡಾ 9 ಚರ್ಚ್ ತೆರಿಗೆ ಬೀಳುತ್ತದೆ.

ನೋಂದಣಿಯಾದ ಕೆಲವು ವಾರಗಳಲ್ಲಿ ಹನ್ನೊಂದು ಅಂಕಿಗಳ ತೆರಿಗೆ ಗುರುತು ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಲ್ಲಿ ಹೊಸಬರನ್ನು ಕಾಡುವುದು ಒಂದು ಚಿಕ್ಕ ಚೀಟಿ. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಕುಟುಂಬದ ಹೆಸರು ಇಲ್ಲದಿದ್ದರೆ ಅಂಚೆಯವರು ಕಾಗದವನ್ನು ಹಾಕದೆ ಹಿಂದಿರುಗಿಸುತ್ತಾರೆ. ಮನೆಯ ಸಂಖ್ಯೆ ಬರೆದರಾಯಿತು ಎಂಬ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಬಹುತೇಕ ಕಟ್ಟಡಗಳಲ್ಲಿ ಮನೆಗಳಿಗೆ ಸಂಖ್ಯೆಯೇ ಇರುವುದಿಲ್ಲ, ಹೆಸರಷ್ಟೇ ಇರುತ್ತದೆ. ಬಾಡಿಗೆಗೆ ಹೋದ ದಿನವೇ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು ಬರೆದು ಅಂಟಿಸಿ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಗುಪ್ತ ಸಂಖ್ಯೆ ಇನ್ನೊಂದರಲ್ಲಿ, ವಿಮೆಯ ಕಾರ್ಡು ಮತ್ತೊಂದರಲ್ಲಿ ಹೀಗೆ ಎಲ್ಲವೂ ಅದೇ ಪೆಟ್ಟಿಗೆಗೆ ಬೀಳುತ್ತವೆ.

ಅವುಗಳಲ್ಲಿ ರೇಡಿಯೊ ಮತ್ತು ದೂರದರ್ಶನದ ಸಾರ್ವಜನಿಕ ವಂತಿಗೆಯ ಪತ್ರವೂ ಒಂದು. ಟಿವಿ ಇಲ್ಲವೆಂದು ಅದನ್ನು ಎಸೆಯಬೇಡಿ. ಇದು ಉಪಕರಣದ ಮೇಲಿನ ಶುಲ್ಕವಲ್ಲ, ಪ್ರತಿ ಮನೆಗೆ ತಿಂಗಳಿಗೆ 18.36 ಯೂರೊ ಎಂದು 2021ರಲ್ಲಿ ನಿಗದಿಯಾದ ವಂತಿಗೆ. ಒಂದೇ ಮನೆಯಲ್ಲಿ ನಾಲ್ವರಿದ್ದರೂ ಒಬ್ಬರು ಕಟ್ಟಿದರೆ ಸಾಕು, ಆ ಒಬ್ಬರ ಸಂಖ್ಯೆಯನ್ನು ಉಳಿದವರು ಉತ್ತರದಲ್ಲಿ ತಿಳಿಸಬೇಕು. ಉತ್ತರಿಸದಿದ್ದರೆ ಬಾಕಿ ಬೆಳೆಯುತ್ತದೆ. ಒಟ್ಟಾರೆ ಜರ್ಮನಿಯಲ್ಲಿ ಕಚೇರಿಯ ನಿರ್ಧಾರಗಳು ಕಾಗದದಲ್ಲಿ ಬರುತ್ತವೆ ಮತ್ತು ಆಕ್ಷೇಪಿಸಲು ಸಾಮಾನ್ಯವಾಗಿ ಒಂದು ತಿಂಗಳ ಗಡುವಿರುತ್ತದೆ. ಆದ್ದರಿಂದ ಎರಡು ರಂಧ್ರಗಳ ದಪ್ಪ ಕಡತವೊಂದನ್ನು ಮೊದಲ ವಾರವೇ ಕೊಂಡು, ಬಂದ ಪ್ರತಿ ಪತ್ರವನ್ನೂ ದಿನಾಂಕ ಬರೆದು ಅದರಲ್ಲಿ ಸೇರಿಸುತ್ತಾ ಹೋಗಿ.

ಆರೋಗ್ಯ ವಿಮೆ ಮತ್ತು ವೈದ್ಯರು

ಉದ್ಯೋಗದ ಕರಾರಿನವರು ಟಿಕೆ, ಎಒಕೆ, ಬಾರ್ಮರ್‌ಗಳಂಥ ಶಾಸನಬದ್ಧ ವಿಮಾ ಸಂಸ್ಥೆಗಳಲ್ಲಿ ಒಂದನ್ನು ತಾವೇ ಆರಿಸಬೇಕು. ಮೂಲ ದರ ಎಲ್ಲ ಕಡೆಯೂ ಸಂಬಳದ ಶೇಕಡಾ 14.6, ಅದರ ಮೇಲಿನ ಹೆಚ್ಚುವರಿ ದರ ಮಾತ್ರ ಸಂಸ್ಥೆಯಿಂದ ಸಂಸ್ಥೆಗೆ ತುಸು ಬೇರೆ. ಸೌಲಭ್ಯಗಳೆಲ್ಲ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಇಂಗ್ಲಿಷಿನಲ್ಲಿ ಉತ್ತರಿಸುವ ಸಂಸ್ಥೆಯನ್ನು ಆರಿಸಿಕೊಂಡು ಮುಂದೆ ಸಾಗಬಹುದು. ಆದಾಯವಿಲ್ಲದ ಸಂಗಾತಿ ಮತ್ತು ಮಕ್ಕಳು ಹೆಚ್ಚುವರಿ ವಂತಿಗೆಯಿಲ್ಲದೆ ಇದರಲ್ಲಿ ಸೇರುತ್ತಾರೆ. ಶಿಷ್ಯವೇತನದವರಿಗೆ ಖಾಸಗಿ ವಿಮೆಯ ಅಗ್ಗದ ಪ್ರಸ್ತಾಪಗಳು ಬರುತ್ತವೆ. ಒಮ್ಮೆ ಖಾಸಗಿಗೆ ಹೋದವರಿಗೆ ಶಾಸನಬದ್ಧ ವಿಮೆಗೆ ಹಿಂದಿರುಗುವುದು ಸುಲಭವಲ್ಲವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಹಿ ಹಾಕಬೇಕು.

ಕಾಯಿಲೆ ಬೀಳುವ ಮೊದಲೇ ಮನೆಯ ಹತ್ತಿರದ ಹೌಸ್‌ಆರ್ಟ್ಸ್ಟ್ ಎಂಬ ಕುಟುಂಬ ವೈದ್ಯರಲ್ಲಿ ಹೆಸರು ಬರೆಸಿಡಿ, ತಜ್ಞರ ಬಳಿ ಹೋಗಲು ಬೇಕಾಗುವ ಪತ್ರವನ್ನೂ ಅವರೇ ಕೊಡುತ್ತಾರೆ. ರಾತ್ರಿ ಅಥವಾ ರಜಾದಿನದಲ್ಲಿ ತುರ್ತಲ್ಲದ ತೊಂದರೆಗೆ 116117, ಜೀವಕ್ಕೆ ಅಪಾಯವಿದ್ದಾಗ 112. ಮೂರು ದಿನಗಳಿಗಿಂತ ಹೆಚ್ಚು ಕಾಯಿಲೆ ಇದ್ದರೆ ನಾಲ್ಕನೆಯ ದಿನಕ್ಕೆ ವೈದ್ಯರ ದೃಢೀಕರಣ ಬೇಕು. ಆದರೆ ಮೊದಲ ದಿನ ಬೆಳಿಗ್ಗೆಯೇ ಸಂಸ್ಥೆಗೆ ತಿಳಿಸುವುದು ಕಡ್ಡಾಯ. ಜ್ವರದಲ್ಲಿಯೂ ಪ್ರಯೋಗಾಲಯಕ್ಕೆ ಬರುವುದನ್ನು ಅಲ್ಲಿ ನಿಷ್ಠೆಯೆಂದು ಯಾರೂ ಮೆಚ್ಚುವುದಿಲ್ಲ, ಸೋಂಕು ಹರಡುವವರೆಂದೇ ನೋಡುತ್ತಾರೆ.

ಕಡ್ಡಾಯವಲ್ಲದಿದ್ದರೂ ಬೇಕೇ ಬೇಕಾದ ಇನ್ನೊಂದು ವಿಮೆ ಹಾಫ್ಟ್‌ಫ್ಲಿಷ್ಟ್, ಅಂದರೆ ನಿಮ್ಮಿಂದ ಬೇರೆಯವರಿಗಾದ ನಷ್ಟವನ್ನು ತುಂಬಿಕೊಡುವ ವಿಮೆ. ಸಂಸ್ಥೆಯ ಬೀಗದ ಕೈ ಕಳೆದರೆ ಆ ಒಂದು ಕೈ ತೆರೆಯುವ ಎಲ್ಲ ಬಾಗಿಲುಗಳ ಬೀಗಗಳನ್ನು ಬದಲಿಸುವ ಖರ್ಚು ನಿಮ್ಮ ತಲೆಗೆ ಬರಬಹುದು. ಪಾಲಿಸಿಯಲ್ಲಿ ಉದ್ಯೋಗಸ್ಥಳದ ಬೀಗದ ಕೈಯ ನಷ್ಟವೂ ಸೇರಿದೆಯೇ ಎಂದು ಓದಿ ನೋಡಿಯೇ ಕೊಳ್ಳಬೇಕು.

ಪ್ರಯೋಗಾಲಯದ ಮೊದಲ ವಾರಗಳು

ಸುರಕ್ಷತಾ ತರಬೇತಿ ಮುಗಿಯದೆ ಉಪಕರಣ ಮುಟ್ಟುವಂತಿಲ್ಲ. ಅದನ್ನು ಮೊದಲ ದಿನವೇ ಕೇಳಿ ಮುಗಿಸಿ. ಸಿಬ್ಬಂದಿ ವಿಭಾಗದಿಂದ ಬರುವ ಕಾಗದಗಳಲ್ಲಿ ಫಾವ್‌ಬೆಎಲ್ ಎಂಬ ಸಾರ್ವಜನಿಕ ವಲಯದ ಪೂರಕ ಪಿಂಚಣಿಯದೊಂದು ಇರುತ್ತದೆ. ಐದು ವರ್ಷ ಮೀರದ ಕರಾರಿನ ವಿಜ್ಞಾನಿಗಳು ಕೆಲಸಕ್ಕೆ ಸೇರಿದ ಎರಡು ತಿಂಗಳೊಳಗೆ ಅರ್ಜಿ ಕೊಟ್ಟರೆ ಅದರ ಸಾಮಾನ್ಯ ರೂಪದ ಬದಲು ಬೇರೊಂದು ರೂಪವನ್ನು ಆರಿಸಬಹುದು. ಆ ಗಡುವು ಮುಗಿದ ಮೇಲೆ ಈ ವಿಷಯ ತಿಳಿಯುವವರೇ ಹೆಚ್ಚು, ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಮಾರ್ಗದರ್ಶಕರ ಜೊತೆಗಿನ ಮೊದಲ ಭೇಟಿಯಲ್ಲಿಯೇ ಯೋಜನೆಯ ವ್ಯಾಪ್ತಿ, ಲೇಖನಗಳಲ್ಲಿ ಹೆಸರಿನ ಕ್ರಮ, ಎಷ್ಟು ದಿನಗಳಿಗೊಮ್ಮೆ ಭೇಟಿ, ಹಣ ಎಲ್ಲಿಯವರೆಗಿದೆ ಎಂಬುದನ್ನು ನೇರವಾಗಿ ಕೇಳುವುದು ಅಲ್ಲಿ ಅವಿನಯವೆನಿಸುವುದಿಲ್ಲ. ಹಿರಿಯರು ತಾವಾಗಿಯೇ ಹೇಳಲಿ ಎಂದು ಕಾಯುವ ನಮ್ಮ ಸಂಕೋಚವನ್ನು ಅವರು ಆಸಕ್ತಿಯ ಕೊರತೆಯೆಂದು ಓದಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಗುಂಪಿನ ಸಭೆಯಲ್ಲಿ ಟೀಕೆ ಖಾರವಾಗಿಯೇ ಇರುತ್ತದೆ. ದತ್ತಾಂಶವನ್ನು ಹರಿದು ಹಾಕಿದವರೇ ಅರ್ಧ ಗಂಟೆಯ ನಂತರ ಊಟಕ್ಕೆ ಕರೆಯುತ್ತಾರೆ, ಎರಡೂ ಮನಃಪೂರ್ವಕ. ಮೂಲ ದತ್ತಾಂಶವನ್ನು ಹತ್ತು ವರ್ಷ ಕಾಪಾಡಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮವಾದ್ದರಿಂದ ಪ್ರಯೋಗದ ನೋಟ್‌ಬುಕ್ ಸಂಸ್ಥೆಯಲ್ಲಿಯೇ ಉಳಿಯುತ್ತದೆ. ನಿಮಗೆ ಬೇಕಾದ ಪ್ರತಿಯನ್ನು ಅನುಮತಿ ಪಡೆದು ಆಗಾಗ ಮಾಡಿಟ್ಟುಕೊಳ್ಳಿ. ಹೆಸರಿನ ಕ್ರಮದಲ್ಲಿಯೋ ದತ್ತಾಂಶದ ವಿಷಯದಲ್ಲಿಯೋ ಅನ್ಯಾಯವಾಯಿತೆನಿಸಿದರೆ ಪ್ರತಿ ಸಂಸ್ಥೆಯಲ್ಲಿಯೂ ಒಬ್ಬ ಒಂಬುಡ್ಸ್‌ಪರ್ಸನ್ ಇರುತ್ತಾರೆ, ಮಾತು ಗೋಪ್ಯವಾಗಿ ಉಳಿಯುತ್ತದೆ. ಕೆಲಸದ ಅವಧಿ, ರಜೆ, ಕರಾರುಗಳ ವಿಷಯಕ್ಕೆ ಸಿಬ್ಬಂದಿಯ ಪ್ರತಿನಿಧಿ ಮಂಡಳಿ ಇದೆ.

ಸಮ್ಮೇಳನಕ್ಕೆ ಹೊರಡುವ ಮುನ್ನ ಕರ್ತವ್ಯ ಪ್ರಯಾಣದ ಅರ್ಜಿಗೆ ಮಂಜೂರಾತಿ ಪಡೆಯಬೇಕು. ಇಲ್ಲದಿದ್ದರೆ ಖರ್ಚು ಮರಳಿ ಬರುವುದಿಲ್ಲ, ದಾರಿಯಲ್ಲಿ ಅಪಘಾತವಾದರೆ ಅದು ಕೆಲಸದ ಭಾಗವೆಂದು ಸಾಧಿಸುವುದೂ ಕಷ್ಟ. ಜರ್ಮನಿಯ ವಾಸದ ಪರವಾನಗಿ ಇದ್ದರೆ ಷೆಂಗೆನ್ ದೇಶಗಳಿಗೆ ಯಾವುದೇ 180 ದಿನಗಳಲ್ಲಿ 90 ದಿನ ಹೋಗಿಬರಬಹುದು. ಬ್ರಿಟನ್, ಅಮೆರಿಕಗಳಿಗೆ ಭಾರತೀಯರು ಪ್ರತ್ಯೇಕ ವೀಸಾ ಪಡೆಯಲೇಬೇಕಾದ್ದರಿಂದ ಲೇಖನದ ಸಾರಾಂಶ ಕಳುಹಿಸುವಾಗಲೇ ವೀಸಾದ ದಿನಗಳನ್ನೂ ಲೆಕ್ಕ ಹಾಕಿ.

ಭಾಷೆ ಮತ್ತು ಬಳಕೆ

ಪ್ರಯೋಗಾಲಯದ ಒಳಗೆ ಇಂಗ್ಲಿಷ್ ಸಾಕು. ಅದೇ ಅಪಾಯ ಕೂಡ. ಐದು ವರ್ಷ ಅಲ್ಲಿದ್ದೂ ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ ಕೊಳ್ಳುವ ವಿಜ್ಞಾನಿಗಳು ಇದ್ದಾರೆ. ನೋಂದಣಿ ಕಚೇರಿ, ಮನೆಯ ಮಾಲೀಕರು, ಮಗುವಿನ ಶಿಶುವಿಹಾರ ಎಲ್ಲವೂ ಜರ್ಮನ್ ಲೋಕ. ಪ್ರಯೋಗದ ಒತ್ತಡ ಏರುವ ಮೊದಲು, ಅಂದರೆ ಮೊದಲ ಆರು ತಿಂಗಳಲ್ಲಿಯೇ, ಫೋಕ್ಸ್‌ಹೋಖ್‌ಷೂಲೆ ಎಂಬ ಸಾರ್ವಜನಿಕ ಶಿಕ್ಷಣ ಕೇಂದ್ರದ ಸಂಜೆ ತರಗತಿಗೋ ವಿಶ್ವವಿದ್ಯಾಲಯದ ಭಾಷಾ ಕೇಂದ್ರಕ್ಕೋ ಸೇರಿಬಿಡಬೇಕು. ‘ಸೀ’ ಮತ್ತು ‘ಡೂ’ಗಳು ನಮ್ಮ ‘ನೀವು’ ಮತ್ತು ‘ನೀನು’ಗಳಂತೆ ಕಂಡರೂ ಬಳಕೆಯಲ್ಲಿ ವ್ಯತ್ಯಾಸವಿದೆ. ನಮ್ಮಲ್ಲಿ ಹಿರಿಯರು ಕಿರಿಯರನ್ನು ‘ನೀನು’ ಎಂದರೂ ಕಿರಿಯರು ‘ನೀವು’ ಎಂದೇ ಉತ್ತರಿಸುತ್ತಾರೆ; ಜರ್ಮನ್ನಿನಲ್ಲಿ ವಯಸ್ಕರ ನಡುವೆ ಒಮ್ಮೆ ‘ಡೂ’ ಆದರೆ ಎರಡೂ ಕಡೆಯಿಂದ ‘ಡೂ’. ಅದನ್ನು ಮೊದಲು ಸೂಚಿಸುವ ಹಕ್ಕು ಮಾತ್ರ ಹಿರಿಯರದು, ಅಲ್ಲಿಯವರೆಗೆ ‘ಸೀ’.

ಸ್ನೇಹ ನಿಧಾನವಾಗಿ ಬೆಳೆಯುತ್ತದೆ. ಮಧ್ಯಾಹ್ನ ಮೆನ್ಸಾ ಎಂಬ ಭೋಜನಶಾಲೆಗೆ ಗುಂಪಿನವರು ಹೊರಟಾಗ ಡಬ್ಬಿ ಹಿಡಿದಾದರೂ ಜೊತೆಗೆ ಹೋಗಿ ಕೂರಬೇಕು, ಏಕೆಂದರೆ ಯಾರ ಮನೆ ಖಾಲಿಯಾಗುತ್ತಿದೆ, ಯಾವ ಉಪಕರಣ ಯಾವಾಗ ಸಿಗುತ್ತದೆ ಎಂಬುದೆಲ್ಲ ತಿಳಿಯುವುದು ಅಲ್ಲಿಯೇ. ಹುಟ್ಟುಹಬ್ಬದ ದಿನ ಕೇಕ್ ತರಬೇಕಾದವರು ಹುಟ್ಟುಹಬ್ಬದವರೇ. ಒಂದು ದಿನ ಮುಂಚೆ ಶುಭಾಶಯ ಹೇಳುವುದನ್ನು ಅಪಶಕುನವೆಂದು ಭಾವಿಸುತ್ತಾರೆ. ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಮುಗಿಸಿದವರನ್ನು ಗೆಳೆಯರು ಅಲಂಕರಿಸಿದ ಬಂಡಿಯಲ್ಲಿ ಎಳೆದು ತಂದು, ಮಾರುಕಟ್ಟೆ ಚೌಕದ ಕಾರಂಜಿಯ ಮೇಲಿರುವ ಬಾತು ಕಾಯುವ ಹುಡುಗಿಯ ವಿಗ್ರಹಕ್ಕೆ ಮುತ್ತಿಡಿಸುತ್ತಾರೆ. ಬಂಡಿ ಎಳೆಯಲು ಕರೆದರೆ ತಪ್ಪಿಸಿಕೊಳ್ಳಬೇಡಿ.

ಉತ್ತರದ ನಗರಗಳಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ಮೊದಲ ಚಳಿಗಾಲದ ಮಂಕುತನವನ್ನು ಪ್ರಯೋಗದ ಸೋಲೆಂದು ತಪ್ಪು ತಿಳಿಯುವ ಸಾಧ್ಯತೆ ಇರುವುದರಿಂದ, ಬೆಳಕಿರುವ ಮಧ್ಯಾಹ್ನದಲ್ಲಿ ಅರ್ಧ ಗಂಟೆಯಾದರೂ ಹೊರಗೆ ನಡೆಯಬೇಕು. ಅದು ಕಡಿಮೆಯಾಗದಿದ್ದರೆ ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರಕ್ಕೆ ಹೋಗುವುದರಲ್ಲಿ ಸಂಕೋಚ ಬೇಡ.

ಪರವಾನಗಿಯ ನವೀಕರಣ ಮತ್ತು ಕರಾರಿನ ಕೊನೆ

ಪ್ರವೇಶದ ವೀಸಾ ಮುಗಿಯುವ ಮೊದಲೇ ವಿದೇಶಿಯರ ಕಚೇರಿಗೆ ವಾಸದ ಪರವಾನಗಿಯ ಅರ್ಜಿ ತಲುಪಿರಬೇಕು. ಭೇಟಿಯ ಸಮಯ ಸಿಗಲು ತಿಂಗಳುಗಳೇ ಹಿಡಿಯುವ ನಗರಗಳಿವೆ. ಅವಧಿ ಮುಗಿಯುವ ಮೊದಲು ಅರ್ಜಿ ಕೊಟ್ಟವರಿಗೆ ತೀರ್ಮಾನವಾಗುವವರೆಗೆ ಫಿಕ್ಷಿಯೋನ್ಸ್‌ಬೆಷೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಸಿಗುತ್ತದೆ. ಅದನ್ನು ಹಿಡಿದು ದೇಶದ ಹೊರಗೆ ಹೋಗುವ ಮೊದಲು ಒಳಗಿನ ಯಾವ ಚೌಕದಲ್ಲಿ ಗುರುತು ಹಾಕಿದ್ದಾರೆಂದು ನೋಡಬೇಕು. ವಾಸ ಕಾಯಿದೆಯ 81ನೇ ವಿಧಿಯ 4ನೇ ಉಪವಿಧಿಯ ಚೌಕವಾದರೆ ಮರಳಿ ಬರಬಹುದು, 3ನೆಯದಾದರೆ ಬಾರದ ಹಾಗೆ ಸಿಕ್ಕಿಹಾಕಿಕೊಳ್ಳುತ್ತೀರಿ.

ವಿಜ್ಞಾನಿಗಳ ತಾತ್ಕಾಲಿಕ ಕರಾರುಗಳನ್ನು 2007ರ ಕಾಯಿದೆಯೊಂದು ನಿಯಂತ್ರಿಸುತ್ತದೆ. ಅದರ ಸಾಮಾನ್ಯ ನಿಯಮದಂತೆ ಡಾಕ್ಟರೇಟಿಗೆ ಮೊದಲು ಆರು ವರ್ಷ, ನಂತರ ಆರು ವರ್ಷ, ವೈದ್ಯಕೀಯದಲ್ಲಿ ಒಂಬತ್ತು ವರ್ಷ ಹೀಗೆ ಕರಾರು ಕೊಡಬಹುದು. ಮಗುವಿದ್ದವರಿಗೆ ಮಗುವಿಗೆ ಎರಡು ವರ್ಷದಂತೆ ಮಿತಿ ಹಿಗ್ಗುತ್ತದೆ. ನಿಮ್ಮ ಲೆಕ್ಕದಲ್ಲಿ ಎಷ್ಟು ವರ್ಷ ಖರ್ಚಾಗಿದೆ ಎಂಬುದನ್ನು ಸಿಬ್ಬಂದಿ ವಿಭಾಗದಿಂದ ಬರಹದಲ್ಲಿ ಪಡೆಯಿರಿ. ಕರಾರು ಮುಂದುವರಿಯುತ್ತದೆ ಎಂದು ಪ್ರಾಧ್ಯಾಪಕರು ಎಷ್ಟೇ ವಿಶ್ವಾಸದಿಂದ ಹೇಳಿದರೂ, ಸಹಿಯಾದ ಕಾಗದ ಕೈಯಲ್ಲಿಲ್ಲದಿದ್ದರೆ ಕೊನೆಯ ದಿನಕ್ಕೆ ಮೂರು ತಿಂಗಳಿರುವಾಗಲೇ ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕುತ್ತಿರುವವರೆಂದು ಹೆಸರು ಬರೆಸಬೇಕು. ತಡವಾದರೆ ನಿರುದ್ಯೋಗ ಭತ್ಯೆಯನ್ನು ಕೆಲವು ದಿನ ತಡೆಹಿಡಿಯುತ್ತಾರೆ. ಹಿಂದಿನ 30 ತಿಂಗಳಲ್ಲಿ ಒಟ್ಟು 12 ತಿಂಗಳು ವಂತಿಗೆ ಕಟ್ಟಿದ್ದವರಿಗೆ ಆ ಭತ್ಯೆಯ ಹಕ್ಕಿದೆ.

ದೇಶ ಬಿಟ್ಟು ಹೊರಡುವುದೇ ಖಚಿತವಾದರೆ ಮನೆ ಬಿಡುವ ಸುಮಾರಿಗೆ ನಿವಾಸ ನೋಂದಣಿಯನ್ನು ರದ್ದುಮಾಡಿಸಿ ಅದರ ಪತ್ರ ಪಡೆಯಿರಿ, ವಿಮೆ, ಮೊಬೈಲ್, ಪ್ರಸಾರ ವಂತಿಗೆಗಳನ್ನು ನಿಲ್ಲಿಸಲು ಅದನ್ನೇ ಕೇಳುತ್ತಾರೆ. ಪಿಂಚಣಿ ವಿಮೆಯ ಸಂಖ್ಯೆ ಇರುವ ಕಾಗದವನ್ನೂ ಪ್ರತಿ ವರ್ಷದ ಸಂಬಳದ ಪ್ರಮಾಣ ಪತ್ರಗಳನ್ನೂ ಜೋಪಾನ ಮಾಡಿ, ಏಕೆಂದರೆ 2017ರಿಂದ ಭಾರತ ಮತ್ತು ಜರ್ಮನಿಗಳ ನಡುವೆ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಒಪ್ಪಂದದಂತೆ ಎರಡೂ ದೇಶಗಳಲ್ಲಿ ವಂತಿಗೆ ಕಟ್ಟಿದ ಅವಧಿಗಳನ್ನು ಅರ್ಹತೆಗಾಗಿ ಕೂಡಿಸಿ ನೋಡಲಾಗುತ್ತದೆ. ಠೇವಣಿಯ ಹಣ ಬರಲು ಮನೆ ಬಿಟ್ಟ ಮೇಲೂ ಕೆಲವು ತಿಂಗಳು ಹಿಡಿಯುವುದರಿಂದ ಜರ್ಮನಿಯ ಬ್ಯಾಂಕ್ ಖಾತೆಯನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಿ.